ವಸಡಲ್ಲ, ನೀಹಾರಿಕೆ

ಅಕ್ಕ: ಅದನ್ನ ಗೋಡೆಯಿಂದ ಇಳಿಸು.

ಡಾಕ್ಟರು: ಇಳಿಸಲ್ಲ.

ಅಕ್ಕ: ಬೆಳಗ್ಗೆಯಿಂದ ಬಂದು ಕೂತವರೆಲ್ಲ ಎದ್ದು ಹೋಗ್ತಿದ್ದಾರೆ.

ಡಾಕ್ಟರು: ಅವರಿಗೆ ಬೇರೆ ಕೆಲಸ ಇದ್ದಿರಬಹುದು.

ಅಕ್ಕ: ಟೈಲರ್‌ಗೆ ಒಲೆ ಮೇಲೆ ಹಾಲಿಟ್ಟು ಬಂದದ್ದು ನೆನಪಾಯ್ತಂತೆ. ಅವರಿಗೆ ಒಲೆ ಹಚ್ಚೋಕೇ ಬರಲ್ಲ. ಅವರ ಹೆಂಡತಿ ಇಲ್ಲೇ ಕೂತು ಎಷ್ಟು ಸಲ ಹೇಳಿದ್ದಾರೆ.

ಡಾಕ್ಟರು: ಈಗ ಕಲಿತಿರಬಹುದು.

ಅಕ್ಕ: ಕೆನ್ನೆ ಊದಿಸ್ಕೊಂಡು ಬಂದಿದ್ರು ಕಣೋ. ಚಿತ್ರ ನೋಡಿದ್ರು. ಕೆನ್ನೆ ಮುಚ್ಕೊಂಡ್ರು. ಹೋದ್ರು.

ಈ ಮಾತು ನಡೆದದ್ದು ಹಲ್ಲಿನ ಕ್ಲಿನಿಕ್ಕಿನ ಮುಂದಿನ ಕೋಣೆಯಲ್ಲಿ. ಡಾಕ್ಟರು ಒಳಗಿನ ಕೆಲಸ ಬಿಟ್ಟು ಕೈಗವಸು ಸಮೇತ ಎದ್ದು ಬಂದಿದ್ದರು. ಮಾಸ್ಕು ಗದ್ದದ ಕೆಳಗೆ ಜೋತುಬಿದ್ದಿತ್ತು. ಅಕ್ಕ ಮೇಜಿನ ಹಿಂದೆ ಕೂತಿದ್ದರು. ತಮ್ಮನು ಈ ಕ್ಲಿನಿಕ್ ತೆರೆದ ದಿನ, ಒಂದು ವಾರ ಕೂತಿರ್ತೀನಿ, ಅಷ್ಟರಲ್ಲಿ ಯಾರನ್ನಾದರೂ ಹುಡುಕ್ಕೋ ಎಂದು ಆ ಕುರ್ಚಿಗೆ ಬಂದವರು. ಆ ವಾರ ಇನ್ನೂ ಮುಗಿದಿರಲಿಲ್ಲ. ಯಾರಿಗೆ ಸೂಜಿ ಕಂಡರೆ ಭಯ, ಯಾರು ಎರಡು ಹೊತ್ತು ಹಲ್ಲುಜ್ಜುತ್ತೇನೆಂದು ಸುಳ್ಳು ಹೇಳುತ್ತಾರೆ, ಯಾರ ಮನೆಯಲ್ಲಿ ಯಾರು ಹಾಲು ಕಾಯಿಸುತ್ತಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠ.

ಜಗಳಕ್ಕೆ ಕಾರಣವಾದ ಚಿತ್ರ ಎದುರಿನ ಗೋಡೆಯ ಮೇಲಿತ್ತು. ಅಗಲವಾದ ಚೌಕಟ್ಟು, ಒಳಗೆ ಕಗ್ಗತ್ತಲು, ಕತ್ತಲ ನಡುವೆ ಗಾಢವಾದ ಕೆಂಪು. ಆ ಕೆಂಪು ಅಂಚಿನಲ್ಲಿ ಊದಿಕೊಂಡು, ಮಡಿಚಿಕೊಂಡು, ಅಲ್ಲಲ್ಲಿ ಎಳೆ ಎಳೆಯಾಗಿ ಹಿಂಜಿದಂತಿತ್ತು. ಒಂದು ಮಗ್ಗುಲಿಗೆ ಕಪ್ಪು ಸೀಳು. ಸೀಳಿನ ಪಕ್ಕದಲ್ಲೇ ಬೆಳ್ಳಗೆ ಹೊಳೆಯುವ ಒಂದು ಕುಳಿ.

ನಿಜವಾಗಿ ಅದು ಆಕಾಶ. ಹೊಸದಾಗಿ ಹುಟ್ಟಿದ ನಕ್ಷತ್ರಗಳ ತಾಪಕ್ಕೆ ಸುತ್ತಲಿನ ಹೈಡ್ರೋಜನ್ ಗ್ಯಾಸು ತಾನೇ ಹೊಳೆಯತೊಡಗಿದ ಜಾಗ. ಕ್ಲಿನಿಕ್ಕಿನ ಮೇಲೇ ಇರುವ ಮನೆಯ ಮಾಳಿಗೆಯಲ್ಲಿ ಪುಟ್ಟ ಟೆಲಿಸ್ಕೋಪು ಇಟ್ಟು, ಅದಕ್ಕೆ ಕ್ಯಾಮೆರಾ ಕಚ್ಚಿಸಿ, ಬೀದಿದೀಪದ ಬೆಳಕನ್ನೆಲ್ಲ ತಡೆದು ಹೈಡ್ರೋಜನ್ನಿನ ಬೆಳಕನ್ನಷ್ಟೇ ಒಳಗೆ ಬಿಡುವ ಫಿಲ್ಟರು ಹಾಕಿ, ಚಳಿಗಾಲ ಪೂರ್ತಿ ಫೋಟೋ ತೆಗೆದು, ಅವನ್ನೆಲ್ಲ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿ ಡಾಕ್ಟರು ಈ ಚಿತ್ರ ಮಾಡಿದ್ದರು. ಅವರ ಜೀವನದಲ್ಲಿ ಗೋಡೆಗೆ ಹಾಕಬಹುದಾದ ಮೊದಲ ಚಿತ್ರ. ಚೌಕಟ್ಟು ಹಾಕಿಸಲು ಒಯ್ದಾಗ ಅಂಗಡಿಯವನು ಬಹಳ ಹೊತ್ತು ನೋಡಿ, ಸ್ವಲ್ಪ ಮೊದಲೇ ತೋರಿಸಿಕೊಳ್ಳಬೇಕಿತ್ತು ಪಾಪ, ಎಂದಿದ್ದನಂತೆ. ಡಾಕ್ಟರು ಅದನ್ನು ಕಲೆಯ ಬಗ್ಗೆ ಹೇಳಿದ ಮಾತೆಂದುಕೊಂಡು ಥ್ಯಾಂಕ್ಸ್ ಹೇಳಿ ಬಂದಿದ್ದರು.

ಅಕ್ಕ: ಹೋಗಲಿ, ಫಿಲ್ಟರ್ ಹಾಕಿದೆ ಅಂದೆಯಲ್ಲ. ಫಿಲ್ಟರ್ ಹಾಕಿದರೆ ಕೊಳೆ ಅಲ್ಲೇ ನಿಲ್ಲಬೇಕು ತಾನೆ? ನಿನ್ನದರಲ್ಲಿ ಕೊಳೆ ಮಾತ್ರ ಈ ಕಡೆ ಬಂದಿದೆ.

ಡಾಕ್ಟರು: ಅದು ಕೊಳೆ ಅಲ್ಲ ಅಕ್ಕ. ಹೈಡ್ರೋಜನ್.

ಅಕ್ಕ: ಏನೋ ಒಂದು. ಜನ ಇಲ್ಲಿಂದ ಎದ್ದು ಎಲ್ಲಿಗೆ ಹೋಗ್ತಾರೆ ಅಂತ ಕಿಟಕಿಯಲ್ಲಿ ನೋಡು.

ಡಾಕ್ಟರು ಕಿಟಕಿಯತ್ತ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ. ರಸ್ತೆಯ ಆ ಬದಿಯಲ್ಲಿ ಹೊಸದೊಂದು ಹಲ್ಲಿನ ಕ್ಲಿನಿಕ್ ಬಂದಿತ್ತು. ಅಲ್ಲಿ ಕಾಯುವವರಿಗೆ ಮೆತ್ತನೆ ಸೋಫಾ, ಗೋಡೆಯುದ್ದಕ್ಕೂ ಗಾಜಿನ ತೊಟ್ಟಿ, ತೊಟ್ಟಿಯಲ್ಲಿ ಬಣ್ಣದ ಮೀನುಗಳು. ಮೀನು ನೋಡುತ್ತಾ ಕೂತವರಿಗೆ ತಾವು ಯಾತಕ್ಕೆ ಬಂದೆವೆಂಬುದೇ ಮರೆತುಹೋಗುತ್ತದೆಂದು ಅಲ್ಲಿಗೆ ಹೋಗಿಬಂದವರು ಹೇಳಿಕೊಂಡು ತಿರುಗುತ್ತಿದ್ದರು. ಈ ಕಡೆಯ ಕುರ್ಚಿಗಳು ಮೊದಲೇ ಖಾಲಿಯಾಗುತ್ತಿದ್ದವು. ಅದಕ್ಕೇ ಅಕ್ಕ, ನಮ್ಮ ಗೋಡೆಗೂ ಏನಾದರೂ ಹಾಕೋ, ಎಂದದ್ದು. ಹೂವಿನ ಚಿತ್ರ ಬರುತ್ತದೆಂದು ಅವರು ಕಾದಿದ್ದರು.

ಅಷ್ಟರಲ್ಲಿ ಬಸ್ ಡ್ರೈವರ್ ಬಂದರು. ಹಳೆಯ ಪರಿಚಯ, ಗಟ್ಟಿ ಆಳು. ಹಲ್ಲು ಕೀಳಿಸಿಕೊಂಡ ಮೇಲೂ ನಡೆದೇ ಮನೆಗೆ ಹೋಗುವವರು. ಕೂತರು, ತಲೆ ಎತ್ತಿದರು, ಚಿತ್ರದ ಮೇಲೆ ಕಣ್ಣು ನಿಂತಿತು. ಡಾಕ್ಟರು ಅಕ್ಕನ ಕಡೆ, ನೋಡಿದೆಯಾ, ಎಂಬಂತೆ ಒಮ್ಮೆ ನೋಡಿ, ಡ್ರೈವರ್ ಪಕ್ಕಕ್ಕೆ ಹೋಗಿ ನಿಂತರು.

ಡ್ರೈವರ್: ಇದು ಮೇಲಿನದ್ದಾ, ಕೆಳಗಿನದ್ದಾ ಡಾಕ್ಟ್ರೇ?

ಡಾಕ್ಟರು: ಮೇಲಿನದ್ದು.

ಡ್ರೈವರ್: ನನ್ನದೂ ಮೇಲಿನದ್ದೇ.

ಡಾಕ್ಟರು: ನಿಮ್ಮದು, ನನ್ನದು ಅಂತ ಏನಿಲ್ಲ. ಎಲ್ಲರಿಗೂ ಸೇರಿದ್ದು. ತಲೆ ಎತ್ತಿ ನೋಡೋ ಮನಸ್ಸಿರಬೇಕು ಅಷ್ಟೆ.

ಡ್ರೈವರ್: ಆ ಕುಳಿ ಬಹಳ ದೊಡ್ಡದಾ?

ಡಾಕ್ಟರು: ಈ ಅಂಚಿಂದ ಆ ಅಂಚಿಗೆ ಹೋಗೋಕೆ ಬೆಳಕಿಗೇ ವರ್ಷಗಟ್ಟಲೆ ಬೇಕು.

ಡ್ರೈವರ್: ಅಷ್ಟು ವರ್ಷ ಹಾಗೇ ಬಿಟ್ಟರಾ?

ಡಾಕ್ಟರು: ಬಿಡದೆ ಏನು ಮಾಡೋದು? ಬರಿಗಣ್ಣಿಗೆ ಅದು ಬರೀ ಒಂದು ಮಸುಕು ಚುಕ್ಕಿ. ನಾನು ಫಿಲ್ಟರ್ ಹಾಕಿದ ಮೇಲೇ ಇಷ್ಟು ಹರಡಿದೆ ಅಂತ ಗೊತ್ತಾಗಿದ್ದು.

ಡ್ರೈವರ್: ಯಾತರಿಂದ ಹೀಗಾಗತ್ತೆ?

ಡಾಕ್ಟರು: ಗ್ಯಾಸ್. ನೀವು ನೋಡ್ತಿರೋದೆಲ್ಲ ಬರೀ ಗ್ಯಾಸ್.

ಡ್ರೈವರ್ ಎದೆಯ ಮೇಲೆ ಮೆಲ್ಲಗೆ ಕೈ ಇಟ್ಟುಕೊಂಡರು.

ಡ್ರೈವರ್: ನನಗೂ ಗ್ಯಾಸ್ ಇದೆ.

ಡಾಕ್ಟರು: ಬರೀ ಗ್ಯಾಸ್ ಇದ್ದರೆ ಏನೂ ಆಗಲ್ಲ. ಒಳಗಿಂದ ಶಾಖ ತಗುಲಬೇಕು. ಆಗ ಹೀಗೆ ಕೆಂಪಗೆ ಆಗತ್ತೆ.

ಡ್ರೈವರ್: ಒಳಗೆ ಉರೀತಾನೂ ಇದೆ ಡಾಕ್ಟ್ರೇ. ಇದು ಶುರುವಾಗೋದು ಎಲ್ಲಿ?

ಡಾಕ್ಟರು: ಬೇಟೆಗಾರ ಅಂತ ಒಬ್ಬನಿದ್ದಾನೆ. ಅವನ ಸೊಂಟದ ಪಟ್ಟಿಯ ಕೆಳಗೆ.

ಬೇಟೆಗಾರ ಎಂದರೆ ಒಂದು ನಕ್ಷತ್ರಪುಂಜ ಎಂದು ಡಾಕ್ಟರು ಹೇಳುವ ಮೊದಲೇ ಡ್ರೈವರ್ ಎದ್ದಿದ್ದರು. ಬಸ್ಸಿನ ಇಂಜಿನ್ ಆರಿಸಿದೆನೋ ಇಲ್ಲವೋ, ನೋಡಿಕೊಂಡು ಬಂದುಬಿಡ್ತೀನಿ, ಎಂದು ಅಕ್ಕನಿಗೆ ಹೇಳಿ ಬಾಗಿಲು ದಾಟಿದರು.

ಅಕ್ಕ: ಅವರಿಗೆ ಇವತ್ತು ರಜ.

ಡಾಕ್ಟರು: ಹಾಗಿದ್ದರೆ ಬಸ್ಸು?

ಅಕ್ಕ: ಅದನ್ನೇ ಹೇಳ್ತಿರೋದು.

ಡ್ರೈವರ್ ರಸ್ತೆ ದಾಟಿ ಮೀನುಗಳ ಕಡೆ ಹೋಗುವುದು ಕಿಟಕಿಯಲ್ಲಿ ಕಾಣುತ್ತಿತ್ತು. ಅವರು ಒಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುವ ತನಕ ಅಕ್ಕ ನೋಡಿ, ತಮ್ಮನ ಕಡೆ ತಿರುಗಿದರು. ಸೊಂಟದ ಕೆಳಗಿನದ್ದನ್ನ ಹಲ್ಲಿನ ಕ್ಲಿನಿಕ್ಕಲ್ಲಿ ಯಾಕೆ ಹಾಕಿದೀಯ ಅಂತ ಯಾರಾದರೂ ಕೇಳಿದರೆ ನಾನೇನು ಹೇಳಲಿ, ಎಂದು ಕೇಳಿದರು. ಡಾಕ್ಟರು ಯೋಚಿಸಿ, ತಪ್ಪು ಚಿತ್ರದ್ದಲ್ಲ, ವಿವರಣೆ ಇಲ್ಲದ್ದು, ಕೆಳಗೊಂದು ಚೀಟಿ ಅಂಟಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದರು. ಚೀಟಿಯಲ್ಲಿ ಸುಮ್ಮನೆ 'ಆಕಾಶ' ಅಂತ ಬರಿ ಎಂದರು ಅಕ್ಕ. ಅಷ್ಟು ಮಾತ್ರ ಬರೆದರೆ ವಿಜ್ಞಾನಕ್ಕೆ ಅವಮಾನ ಎಂದು ಡಾಕ್ಟರು ಒಪ್ಪಲಿಲ್ಲ. ಊಟದ ಬಿಡುವಿನಲ್ಲಿ ಕೂತು ದಪ್ಪಕ್ಷರದಲ್ಲಿ 'ಉತ್ಸರ್ಜನ ನೀಹಾರಿಕೆ' ಎಂದು ಬರೆದು ಅಂಟಿಸಿದರು. ತಾನೇ ಬೆಳಕು ಹೊರಸೂಸುವ ಗ್ಯಾಸಿನ ಮೋಡಕ್ಕೆ ಪುಸ್ತಕದಲ್ಲಿರುವ ಹೆಸರು ಅದೇ.

ಮರುದಿನ ಅಕ್ಕ ಮತ್ತೆ ಒಳಗಿನ ಕೋಣೆಯ ಬಾಗಿಲಲ್ಲಿ ನಿಂತರು.

ಅಕ್ಕ: ಸ್ಟೇಷನರಿ ಅಂಗಡಿಯಮ್ಮ ಬಂದಿದ್ರು.

ಡಾಕ್ಟರು: ಒಳಗೆ ಕಳಿಸು.

ಅಕ್ಕ: ಹೋದ್ರು. ಕನ್ನಡಕ ತಂದಿರಲಿಲ್ಲ. ನಿನ್ನ ಚೀಟೀನ 'ವಿಸರ್ಜನೆ, ನಿರಾಹಾರ' ಅಂತ ಓದಿಕೊಂಡ್ರು. ತಿಂಡಿ ತಿಂದು ಬಂದುಬಿಟ್ಟೆ, ನಾಳೆ ಖಾಲಿ ಹೊಟ್ಟೆಯಲ್ಲಿ ಬರ್ತೀನಿ ಅಂದ್ರು.

ಡಾಕ್ಟರು: ನೀನು ತಿದ್ದಬೇಕಿತ್ತು.

ಅಕ್ಕ: ತಿದ್ದಿದೆ. ಅದು ವಿಸರ್ಜನೆ ಅಲ್ಲಮ್ಮ, ಉತ್ಸರ್ಜನೆ ಅಂದೆ. ಅದು ಇನ್ನೂ ಜಾಸ್ತಿಯಾದಾಗ ಆಗೋದಾ ಅಂತ ಕೇಳಿದ್ರು.

ಡಾಕ್ಟರು: ಬೇರೆ ಯಾರೂ ಬರಲಿಲ್ವಾ?

ಅಕ್ಕ: ನಿವೃತ್ತ ಮೇಷ್ಟ್ರು ಬಂದಿದ್ರು. ಓದಿದವರು, ಸರಿಯಾಗೇ ಓದಿದ್ರು. ಆಮೇಲೆ ನನ್ನ ಹತ್ತಿರ ಬಂದು ಮೆತ್ತಗೆ, ಡಾಕ್ಟರು ಈಗ ಆ ತೊಂದರೇನೂ ನೋಡ್ತಾರಾ, ಯಾವ ದಿನ ನೋಡ್ತಾರೆ, ಹೆಂಗಸರು ಇಲ್ಲದ ಹೊತ್ತಿಗೆ ಬರಬಹುದಾ ಅಂದ್ರು.

ಡಾಕ್ಟರು ಕೈಯಲ್ಲಿದ್ದ ಪುಟ್ಟ ಕನ್ನಡಿಯನ್ನು ತಟ್ಟೆಯಲ್ಲಿಟ್ಟರು. ಹೊರಗೆ ಹೋಗಿ ಚೀಟಿ ಕಿತ್ತರು. ಚಿತ್ರಕ್ಕೆ ಕೈ ಹಚ್ಚಲಿಲ್ಲ.

ಆ ಮಧ್ಯಾಹ್ನ ಯಾರೂ ಬರಲಿಲ್ಲ. ಅಕ್ಕ ತಮ್ಮ ಇಬ್ಬರೇ ಖಾಲಿ ಕುರ್ಚಿಗಳಲ್ಲಿ ಎದುರುಬದುರು ಕೂತರು. ಅಕ್ಕನ ದನಿ ಈಗ ಜಗಳದ್ದಾಗಿರಲಿಲ್ಲ. ಒಳಗೆ ಹಲ್ಲು ನೋಡುವ ಹೊಸ ಕುರ್ಚಿ ಹಾಕಿಸಿ ವರ್ಷವೂ ಆಗಿಲ್ಲ, ಹೀಗೇ ಹೋದರೆ ಮೀನಿನ ಪಕ್ಕ ಇಟ್ಟುಕೊಳ್ಳಿ ಅಂತ ಅದನ್ನೂ ಎದುರಿನವರಿಗೆ ಕೊಟ್ಟುಬಿಡಬೇಕಾಗುತ್ತದೆ, ಎಂದರು. ನಿನಗೆ ಫೋಟೋ ಹುಚ್ಚಿದ್ದರೆ ಮನೆಯ ಗೋಡೆ ಇಲ್ಲವೇ, ಎಂದರು. ಡಾಕ್ಟರು ಗೋಡೆಯ ಚಿತ್ರದತ್ತ ತಲೆ ಎತ್ತಿದರು.

ಡಾಕ್ಟರು: ದಿನವಿಡೀ ಬಗ್ಗಿಕೊಂಡೇ ಇರ್ತೀನಿ ಅಕ್ಕ. ಒಂದು ಬಾಯಿ ಆದ ಮೇಲೆ ಇನ್ನೊಂದು ಬಾಯಿ. ತಲೆ ಎತ್ತಿ ನೋಡೋದು ಅಂತ ಇರೋದು ಇದೊಂದೇ.

ಅಕ್ಕ: ತಲೆ ಎತ್ತಿ ನೋಡಿದರೂ ನಿನಗೆ ಬಾಯಿಯಂಥದ್ದೇ ಸಿಕ್ಕಿತಲ್ಲ.

ಡಾಕ್ಟರು ನಗಲಿಲ್ಲ. ಅಕ್ಕ ಸ್ವಲ್ಪ ಮೆತ್ತಗಾದರು. ಆ ಕೆಂಪೊಂದು ಇಲ್ಲದಿದ್ದರೆ ಜನ ಹೆದರುವುದಿಲ್ಲ, ಬೇರೆ ಬಣ್ಣ ಹಾಕೋಕೆ ಆಗುತ್ತದೆಯೇ ಎಂದು ಕೇಳಿದರು. ಆಗುತ್ತದೆ, ಆದರೆ ಮಾಡುವುದಿಲ್ಲ ಎಂದರು ಡಾಕ್ಟರು.

ಅಕ್ಕ: ಯಾಕೆ?

ಡಾಕ್ಟರು: ಹೈಡ್ರೋಜನ್ ಬೆಳಕು ಕೆಂಪೇ. ನಾನು ಕೆಂಪೇ ಕೊಟ್ಟಿದೀನಿ. ಬೇರೆ ಬಣ್ಣ ಕೊಟ್ಟರೆ ಸುಳ್ಳಾಗತ್ತೆ.

ಅಕ್ಕ: ಕೊಟ್ಟೆ ಅಂದರೆ? ಫೋಟೋದಲ್ಲಿ ಬಂದದ್ದಲ್ವಾ?

ಡಾಕ್ಟರು: ಕ್ಯಾಮೆರಾ ಕಪ್ಪು ಬಿಳುಪಿನದ್ದು.

ಅಕ್ಕ: ಅಂದರೆ ಕೆಂಪು ಬಣ್ಣ ಬಳಿದವನು ನೀನೇ.

ಡಾಕ್ಟರು: ಬಳಿಯೋದಲ್ಲ ಅಕ್ಕ. ಯಾವ ಫಿಲ್ಟರಲ್ಲಿ ತೆಗೆದೆ ಅಂತ ನನಗೆ ಗೊತ್ತು. ಕೆಂಪು ಬಿಡೋ ಫಿಲ್ಟರಲ್ಲಿ ತೆಗೆದದ್ದಕ್ಕೆ ಕೆಂಪು.

ಅಕ್ಕ: ಇನ್ನೂ ಯಾವ ಫಿಲ್ಟರ್ ಇದೆ ನಿನ್ನ ಹತ್ತಿರ?

ಇನ್ನೆರಡಿವೆ, ಒಂದು ಆಕ್ಸಿಜನ್ನಿನದು, ಇನ್ನೊಂದು ಗಂಧಕದ್ದು, ಎಂದರು ಡಾಕ್ಟರು. ಆ ಎರಡರಲ್ಲೂ ತೆಗೆದ ಫೋಟೋ ಕಂಪ್ಯೂಟರಿನಲ್ಲಿ ಕೂತಿವೆ. ಮೂರನ್ನೂ ಸೇರಿಸಿ, ಒಂದೊಂದಕ್ಕೆ ಒಂದೊಂದು ಬಣ್ಣ ಹಚ್ಚಿ ಹದ ಮಾಡಿದರೆ ಅದೇ ಮೋಡ ಬಂಗಾರದ ಬಣ್ಣಕ್ಕೂ ತಿಳಿ ನೀಲಿಗೂ ತಿರುಗುತ್ತದೆ. ದೊಡ್ಡ ದೊಡ್ಡವರೂ ಹಾಗೆ ಮಾಡುತ್ತಾರೆ, ಯಾವ ಗ್ಯಾಸು ಎಲ್ಲಿದೆ ಎಂದು ಬೇರೆ ಬೇರೆಯಾಗಿ ಕಾಣಲಿ ಅಂತ. ಆದರೆ ಹಾಗೆ ಮಾಡುವಾಗ ಕೆಂಪಾಗಿರುವ ಹೈಡ್ರೋಜನ್ನಿಗೆ ಹಸಿರು ಹಚ್ಚಬೇಕು. ಅದು ತಮ್ಮ ಕೈಯಲ್ಲಿ ಆಗದ ಮಾತು ಎಂದರು.

ಅಕ್ಕ ಎದ್ದು ಒಳಗೆ ಹೋಗಿ, ಔಷಧದ ಕಪಾಟಿನಿಂದ ಒಂದು ಸಣ್ಣ ಡಬ್ಬಿ ತಂದು ತಮ್ಮನ ಎದುರು ಹಿಡಿದರು.

ಅಕ್ಕ: ಇದೇನು?

ಡಾಕ್ಟರು: ಬಣ್ಣದ ಗುಳಿಗೆ. ಮಕ್ಕಳಿಗೆ ಅಗಿಯೋಕೆ ಕೊಡೋದು.

ಅಕ್ಕ: ಅಗಿದರೆ ಏನಾಗತ್ತೆ?

ಡಾಕ್ಟರು: ಹಲ್ಲಿನ ಮೇಲೆ ಪಾಚಿ ಎಲ್ಲೆಲ್ಲಿದೆ ಅಲ್ಲೆಲ್ಲ ನೇರಳೆ ಬಣ್ಣ ಹಿಡಿಯತ್ತೆ.

ಅಕ್ಕ: ಪಾಚಿ ನೇರಳೆ ಬಣ್ಣದ್ದಾ?

ಡಾಕ್ಟರು: ಅಲ್ಲ. ಸುಮ್ಮನೆ ನೋಡಿದರೆ ಕಾಣಲ್ಲ. ಕಾಣಲಿ ಅಂತ ಬಣ್ಣ.

ಅಕ್ಕ ಡಬ್ಬಿಯನ್ನು ತಮ್ಮನ ತೊಡೆಯ ಮೇಲಿಟ್ಟು ಮೇಜಿನ ಹಿಂದೆ ಹೋಗಿ ಕೂತರು. ಡಾಕ್ಟರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ, ಮಾಡ್ತೀನಿ, ಆದರೆ ಕೆಂಪನ್ನ ಇಳಿಸಲ್ಲ, ಅದರ ಪಕ್ಕದಲ್ಲೇ ಇದನ್ನೂ ಹಾಕ್ತೀನಿ, ಯಾವುದು ಏನು ಅಂತ ಜನ ಎರಡನ್ನೂ ನೋಡಿ ತಿಳಿದುಕೊಳ್ಳಲಿ, ಎಂದರು. ಪಕ್ಕದಲ್ಲಿ ಒಂದು ಒಳ್ಳೆಯದಿದ್ದರೆ ಮೊದಲಿನದರ ಕಾಟ ಸ್ವಲ್ಪ ತಗ್ಗೀತು ಎಂದು ಅಕ್ಕನೂ ಒಪ್ಪಿದರು.

ಎರಡನೆಯ ಚಿತ್ರ ಬಂದು ಗೋಡೆ ಏರಿತು. ಎಡಗಡೆ ಮೊದಲಿನ ಕೆಂಪು, ಬಲಗಡೆ ಅದೇ ಆಕಾರ, ಅದೇ ಸೀಳು, ಅದೇ ಕುಳಿ. ಆದರೆ ಅಂಚೆಲ್ಲ ಹೊಂಬಣ್ಣ, ನಡುವೆ ತಣ್ಣನೆಯ ನೀಲಿ. ನೋಡಿದರೆ ಕಣ್ಣಿಗೆ ಹಿತವಾಗುತ್ತಿತ್ತು. ಅಕ್ಕನೇ ಚೌಕಟ್ಟಿನ ಧೂಳು ಒರೆಸಿದರು.

ಮೊದಲು ಬಂದದ್ದು ಟೈಲರ್. ಕೆನ್ನೆ ಇನ್ನೂ ಊದಿಯೇ ಇತ್ತು. ಬಾಗಿಲಲ್ಲೇ ನಿಂತು ಎಡಗಡೆ ನೋಡಿದರು, ಬಲಗಡೆ ನೋಡಿದರು, ಮತ್ತೆ ಎಡಗಡೆ ನೋಡಿದರು. ಒಳಗೆ ಬಂದು ಕೂತರು.

ಟೈಲರ್: ವಾಸಿಯಾಯ್ತಲ್ಲ.

ಅಕ್ಕ: ಯಾವುದು?

ಟೈಲರ್: ಅದೇ, ಆವತ್ತು ನೋಡಿದ್ನಲ್ಲ. ಇಷ್ಟು ಬೇಗ ಇಷ್ಟು ಗುಣ ಆಗತ್ತೆ ಅಂತ ಗೊತ್ತಿದ್ದರೆ ನಾನು ಆವತ್ತೇ ಕೂರ್ತಿದ್ದೆ.

ಅಕ್ಕ ಪುಸ್ತಕ ತೆರೆದು ಅವರ ಹೆಸರು ಬರೆದುಕೊಂಡರು.

ಟೈಲರ್ ಅಂಗಡಿಗೆ ದಿನವೂ ಊರಿನ ಅರ್ಧ ಜನ ಅಳತೆ ಕೊಡಲು ಬರುತ್ತಿದ್ದರು. ಅಳತೆ ತೆಗೆಯುವಾಗ ಅವರು ಸುಮ್ಮನಿರುವವರಲ್ಲ. ಎಂಥ ವಸಡಾಗಿತ್ತು, ನಾನೇ ಕಣ್ಣಾರೆ ನೋಡಿದೀನಿ, ಈಗ ಹೋಗಿ ನೋಡಿ ಹೇಗಿದೆ, ಎಂದು ಒಬ್ಬೊಬ್ಬರಿಗೂ ಹೇಳಿದರು. ಡ್ರೈವರ್ ವಾಪಸ್ ಬಂದರು. ಸ್ಟೇಷನರಿ ಅಂಗಡಿಯಮ್ಮ ಖಾಲಿ ಹೊಟ್ಟೆಯಲ್ಲಿ ಬಂದರು, ಜೊತೆಗೆ ತಂಗಿಯನ್ನೂ ಕರೆತಂದರು. ಕುರ್ಚಿ ಸಾಲದೆ ಅಕ್ಕ ಮೇಲಿನ ಮನೆಯಿಂದ ಬೆಂಚು ಇಳಿಸಿದರು. ಗೋಡೆಯ ಎದುರು ನಿಂತು ಜನ ಎಡಗಡೆಯದಕ್ಕೆ 'ಮೊದಲು' ಎಂದೂ ಬಲಗಡೆಯದಕ್ಕೆ 'ಆಮೇಲೆ' ಎಂದೂ ಬೆರಳು ಮಾಡಿ ಒಬ್ಬರಿಗೊಬ್ಬರು ತೋರಿಸುತ್ತಿದ್ದರು.

ಡಾಕ್ಟರಿಗೆ ಇದು ತಿಳಿದಾಗ ಅವರು ಡ್ರೈವರ್ ಬಾಯಲ್ಲಿ ಕೈ ಇಟ್ಟುಕೊಂಡಿದ್ದರು. ಡ್ರೈವರ್ ಬಾಯಿ ತೆರೆದುಕೊಂಡೇ ಏನೋ ಹೇಳಿದರು. ನನಗೂ ಬಂಗಾರದ ಬಣ್ಣವೇ ಬರಲಿ ಎಂದಂತೆ ಕೇಳಿಸಿತು. ಡಾಕ್ಟರು ಎಲ್ಲ ಬಿಟ್ಟು ಹೊರಗೆ ಬಂದು, ಬೆಂಚಿನ ಮೇಲಿದ್ದವರಿಗೆಲ್ಲ ಕೇಳುವಂತೆ, ಇದು ಯಾರ ಬಾಯಿಯೂ ಅಲ್ಲ, ಆಕಾಶದಲ್ಲಿರುವ ಗ್ಯಾಸಿನ ಮೋಡ, ನಾನು ಇದಕ್ಕೆ ಯಾವ ಚಿಕಿತ್ಸೆಯನ್ನೂ ಮಾಡಿಲ್ಲ, ಎಂದು ಬಿಡಿಸಿ ಹೇಳಿದರು. ಎಲ್ಲರೂ ತಲೆಯಾಡಿಸಿ ಕೇಳಿದರು. ಅವರು ಒಳಗೆ ಹೋದ ಮೇಲೆ ನಿವೃತ್ತ ಮೇಷ್ಟ್ರು ಪಕ್ಕದವರಿಗೆ, ಪೇಷಂಟ್ ಹೆಸರು ಹೊರಗೆ ಬರಬಾರದು ಅಂತ ಹಾಗೆ ಹೇಳಬೇಕಾಗುತ್ತೆ, ಒಳ್ಳೇ ಡಾಕ್ಟರ ಲಕ್ಷಣ, ಎಂದರಂತೆ.

ವಾರ ಕಳೆಯುವುದರೊಳಗೆ ಎದುರಿನ ಕ್ಲಿನಿಕ್ಕಿನ ಡಾಕ್ಟರೇ ರಸ್ತೆ ದಾಟಿ ಬಂದರು. ವಯಸ್ಸಿನಲ್ಲಿ ಚಿಕ್ಕವರು, ಇಸ್ತ್ರಿ ಮಾಡಿದ ಬಿಳಿ ಕೋಟು. ಬಂದವರು ನೇರವಾಗಿ ಗೋಡೆಯ ಎದುರು ನಿಂತು ಎರಡೂ ಚಿತ್ರಗಳನ್ನು ಹತ್ತಿರದಿಂದ, ದೂರದಿಂದ, ತಲೆ ಓರೆ ಮಾಡಿ ನೋಡಿದರು.

ಎದುರಿನ ಡಾಕ್ಟರು: ಬಹಳ ಚೆನ್ನಾಗಿ ವಾಸಿಯಾಗಿದೆ ಸಾರ್. ಏನು ಹಾಕಿದ್ರಿ? ಹೇಳಬಹುದು ಅನಿಸಿದರೆ ಹೇಳಿ.

ಡಾಕ್ಟರು: ಅದು ಬಾಯಿ ಅಲ್ಲ.

ಎದುರಿನ ಡಾಕ್ಟರು: ಪೂರ್ತಿ ಬಾಯಿ ಅಂತ ನಾನೂ ಹೇಳ್ತಿಲ್ಲ. ವಸಡು ಅಷ್ಟೇ.

ಡಾಕ್ಟರು: ವಸಡೂ ಅಲ್ಲ. ಹೈಡ್ರೋಜನ್.

ಎದುರಿನ ಡಾಕ್ಟರು: ಪೆರಾಕ್ಸೈಡಾ?

ಡಾಕ್ಟರು: ಬರೀ ಹೈಡ್ರೋಜನ್. ಎಡಗಡೆಯದು ಅದೊಂದೇ. ಬಲಗಡೆಯದಕ್ಕೆ ಆಕ್ಸಿಜನ್ನೂ ಗಂಧಕವೂ ಸೇರಿದೆ.

ಎದುರಿನ ಡಾಕ್ಟರು: ಗಂಧಕ.

ಡಾಕ್ಟರು: ಸ್ವಲ್ಪ.

ಎದುರಿನ ಡಾಕ್ಟರು: ಪೇಷಂಟ್ ತಡಕೊಂಡ್ರಾ?

ಡಾಕ್ಟರು: ಪೇಷಂಟೇ ಇಲ್ಲ ಸಾರ್.

ಎದುರಿನ ಡಾಕ್ಟರು ಅಕ್ಕನ ಕಡೆ ನೋಡಿದರು. ಅಕ್ಕ ಮೇಜಿನ ಮೇಲಿದ್ದ ಪೆನ್ನುಗಳನ್ನು ಸಾಲಾಗಿ ಜೋಡಿಸುತ್ತಿದ್ದರು.

ಎದುರಿನ ಡಾಕ್ಟರು (ದನಿ ತಗ್ಗಿಸಿ): ಯಾವಾಗ?

ಡಾಕ್ಟರು: ಯಾವಾಗ ಏನು?

ಎದುರಿನ ಡಾಕ್ಟರು: ಹೋಗಲಿ ಬಿಡಿ. ನಮ್ಮ ಕೆಲಸದಲ್ಲಿ ಇಂಥದ್ದು ಆಗತ್ತೆ. ಆದರೂ ಮುಚ್ಚಿಡದೆ ಗೋಡೆಗೆ ಹಾಕಿದೀರಲ್ಲ, ಆ ಧೈರ್ಯ ನನಗಿಲ್ಲ.

ಅವರು ಡಾಕ್ಟರ ಕೈ ಕುಲುಕಿ, ಸ್ವಲ್ಪ ಹೆಚ್ಚು ಹೊತ್ತೇ ಹಿಡಿದುಕೊಂಡಿದ್ದು, ಹೊರಟುಹೋದರು.

ಡಾಕ್ಟರು ಸ್ಟೂಲು ಎಳೆದು ತಂದು ಗೋಡೆಗಿಟ್ಟು ಹತ್ತಿದರು. ಎರಡೂ ಇಳಿಸಿಬಿಡುತ್ತೇನೆ, ಮಾಡದ ಚಿಕಿತ್ಸೆಗೆ ಹೆಸರು ತೆಗೆದುಕೊಂಡು ಕೂರುವುದು ನನ್ನ ಕೈಯಲ್ಲಾಗದು, ಎಂದರು. ಈ ಚಿತ್ರ ತೆಗೆದ ಮೇಲೆ ಒಬ್ಬರಾದರೂ ಇದು ಆಕಾಶ ಅಂತ ನೋಡಲಿಲ್ಲ, ಒಬ್ಬರೇ ಒಬ್ಬರು, ಎಂದರು. ಅಕ್ಕ ಸ್ಟೂಲಿನ ಕಾಲನ್ನು ಭದ್ರವಾಗಿ ಹಿಡಿದುಕೊಂಡು ಮೇಲೆ ನೋಡಿದರು.

ಅಕ್ಕ: ಇಳಿ ಮೊದಲು. ಇದರಲ್ಲಿ ಯಾವುದು ನಿಜ ಅಂತ ನನಗೂ ಇನ್ನೂ ಗೊತ್ತಾಗಿಲ್ಲ. ಅಸಲಿ ಎಲ್ಲಿದೆ ತೋರಿಸು. ನೋಡಿ ಆಮೇಲೆ ಹೇಳ್ತೀನಿ.

ಡಾಕ್ಟರು: ಮಾಳಿಗೆ ಹತ್ತಬೇಕು. ನಿನ್ನ ಮಂಡಿ?

ಅಕ್ಕ: ಮಂಡಿ ನಂದು. ಹತ್ತೋದೂ ನಾನೇ.

ಅಂದು ಕ್ಲಿನಿಕ್ ಮುಚ್ಚಿ, ಹೊರಗೆ ಕತ್ತಲು ಕವಿದ ಮೇಲೆ ಅಕ್ಕ ಮೆಟ್ಟಿಲು ಹತ್ತಿದರು. ಎರಡು ಮೆಟ್ಟಿಲಿಗೊಮ್ಮೆ ನಿಂತು, ಇಷ್ಟು ಎತ್ತರ ಯಾಕೆ ಕಟ್ಟಿಸಿದೆ ಎಂದು ಕೇಳಿದರು. ಡಾಕ್ಟರು ಹಿಂದಿನಿಂದ ಕೈ ಚಾಚಿಕೊಂಡೇ ಬಂದರು, ಮುಟ್ಟುವ ಧೈರ್ಯ ಮಾಡಲಿಲ್ಲ. ಮೇಲೆ ಒಗೆದ ಬಟ್ಟೆಯ ಹಗ್ಗ, ನೀರಿನ ಟ್ಯಾಂಕು, ಟ್ಯಾಂಕಿನ ಮರೆಯಲ್ಲಿ ಮೂರು ಕಾಲಿನ ಮೇಲೆ ಟೆಲಿಸ್ಕೋಪು. ಡಾಕ್ಟರು ಕ್ಯಾಮೆರಾ ಕಳಚಿ ಕಣ್ಣಿಟ್ಟು ನೋಡುವ ಗಾಜು ಸಿಕ್ಕಿಸಿದರು. ಅಕ್ಕ ಬಗ್ಗಿ ಒಂದು ಕಣ್ಣು ಮುಚ್ಚಿದರು.

ಅಕ್ಕ: ಕೆಂಪೂ ಇಲ್ಲ, ನೀಲಿಯೂ ಇಲ್ಲ. ಬೂದಿ ಬಣ್ಣ. ಕನ್ನಡಿ ಮೇಲೆ ಉಸಿರು ಬಿಟ್ಟ ಹಾಗಿದೆ.

ಡಾಕ್ಟರು: ಇಷ್ಟು ಮಂದ ಬೆಳಕಲ್ಲಿ ನಮ್ಮ ಕಣ್ಣಿಗೆ ಬಣ್ಣ ಸಿಕ್ಕಲ್ಲ ಅಕ್ಕ. ಕೆಂಪು ಅಲ್ಲಿ ಇದೆ. ನಮಗೆ ಕಾಣಲ್ಲ ಅಷ್ಟೇ.

ಡಾಕ್ಟರು ಬೈಗುಳ ನಿರೀಕ್ಷಿಸಿ ನಿಂತಿದ್ದರು. ಇಷ್ಟಕ್ಕಾ ಇಷ್ಟೆಲ್ಲಾ, ಎಂದು ಅಕ್ಕ ಕೇಳಬೇಕಿತ್ತು. ಅಕ್ಕ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಮಸುಕು ನೋಟದಾಚೆ ಸರಿದುಹೋಯಿತೆಂದು ದೂರು ಹೇಳಿದರು. ಭೂಮಿ ತಿರುಗುತ್ತಿದೆ, ಅದಕ್ಕೆ, ಎಂದು ಡಾಕ್ಟರು ಒಂದು ತಿರುಪು ತಿರುವಿ ಅದನ್ನು ಮತ್ತೆ ನಡುವಿಗೆ ತಂದರು. ಹೀಗೇ ಎಷ್ಟೋ ಸಲ ನಡೆಯಿತು. ಅಕ್ಕನ ಸೆರಗು ಚಳಿಗಾಳಿಗೆ ಹಾರುತ್ತಿತ್ತು. ಡಾಕ್ಟರು ತಮ್ಮ ಸ್ವೆಟರು ತೆಗೆದು ಅವರ ಬೆನ್ನಿಗೆ ಹೊದಿಸಿದರು.

ಅಕ್ಕ: ಚಿತ್ರ ಎರಡೂ ಅಲ್ಲೇ ಇರಲಿ. ಅದು ಆಕಾಶ ಅಂತ ನಾಳೆಯಿಂದ ನಾನು ಹೇಳ್ತೀನಿ.

ಡಾಕ್ಟರು: ನಾನೂ ಅದನ್ನೇ ಹೇಳಿದ್ದು. ಯಾರೂ ನಂಬಲಿಲ್ಲ.

ಅಕ್ಕ: ನೀನು ಹೇಳಿದರೆ ಯಾಕೆ ನಂಬ್ತಾರೆ? ನಾನು ಹೇಳಿದರೆ ನಂಬದೆ ಇರೋದು ಹೇಗೆ ಅಂತ ಯಾರಿಗೂ ಗೊತ್ತಿಲ್ಲ.

ಅದು ಡಾಕ್ಟರಿಗೂ ಗೊತ್ತಿದ್ದ ವಿಷಯವೇ. ಅವರು ಟ್ಯಾಂಕಿಗೆ ಒರಗಿ ನಿಂತರು. ಎಷ್ಟೋ ದಿನಗಳ ಮೇಲೆ ಭುಜ ಹಗುರಾದಂತಿತ್ತು.

ಅಕ್ಕ: ನಡುವೆ ನಾಲ್ಕು ಚುಕ್ಕಿ ಇದೆಯಲ್ಲ, ಒಂದಕ್ಕೊಂದು ಅಂಟಿಕೊಂಡು. ಅದೇನು?

ಡಾಕ್ಟರು: ಅವೇ ಹೊಸ ನಕ್ಷತ್ರ. ಆ ಮೋಡದಲ್ಲೇ ಹುಟ್ಟಿದವು. ಅವುಗಳ ಬೆಳಕಿಗೇ ಸುತ್ತ ಅಷ್ಟೆಲ್ಲ ಹೊಳೀತಿರೋದು.

ಅಕ್ಕ: ಹೊಸದು ಅಂದರೆ ಎಷ್ಟು ವಯಸ್ಸು?

ಡಾಕ್ಟರು: ಹೆಚ್ಚುಕಮ್ಮಿ ಹತ್ತು ಲಕ್ಷ ವರ್ಷ. ನಕ್ಷತ್ರಗಳ ಲೆಕ್ಕದಲ್ಲಿ ತೊಟ್ಟಿಲಲ್ಲಿರೋ ಕೂಸು.

ಅಕ್ಕ ಕಣ್ಣು ತೆಗೆಯದೆ ಇನ್ನಷ್ಟು ಹೊತ್ತು ನೋಡಿದರು.

ಅಕ್ಕ: ಹಾಗಾದರೆ ಇನ್ನೂ ಹಲ್ಲು ಬಂದಿರಲ್ಲ. ನೀನು ಕೆಳಗೆ ಹೋಗು, ನಿನಗಿಲ್ಲೇನೂ ಕೆಲಸ ಇಲ್ಲ.